ಎಕ್ಸಾಸ್ಟ್ ಸೆನ್ಸರ್ ತರಿಸುವ ಮುಂಚೆ ಬೈಪಾಸ್ ವಾಲ್ವ್ ನೋಡಿ

ಪೂಲ್ ಹೀಟರ್‌ಗೆ ಹೊಸ ಎಕ್ಸಾಸ್ಟ್ ಸೆನ್ಸರ್, ಅಂದರೆ ಹೊಗೆಯ ಬಿಸಿ ಅಳೆಯುವ ಸೆನ್ಸರ್, ತರಿಸಬೇಡಿ. ಒರಿಜಿನಲ್ಲೂ ಬೇಡ, ಲೋಕಲ್ಲೂ ಬೇಡ. ಸೀಸನ್ ಮುಗಿಯುವವರೆಗೆ ಸೆನ್ಸರ್ ತಪ್ಪಿಸಿ ವೈರ್ ಡೈರೆಕ್ಟ್ ಮಾಡಿ ಓಡಿಸಬಹುದಾ ಅಂತ ಕೇಳಿದ್ದೀರಲ್ಲ, ಅದಂತೂ ಬೇಡವೇ ಬೇಡ.

ಪೂಲ್‌ನ ಗ್ಯಾಸ್ ಹೀಟರ್ ಹದಿನೈದು ನಿಮಿಷ ಚೆನ್ನಾಗಿ ಉರಿದು, ಆಮೇಲೆ ಎಕ್ಸಾಸ್ಟ್ ಬಿಸಿ ಜಾಸ್ತಿ ಅಂತ ತೋರಿಸಿ ಆಫ್ ಆಗುತ್ತದೆ, ಮೆಕ್ಯಾನಿಕ್ ಸೆನ್ಸರ್ ಹೋಗಿದೆ ಅನ್ನುತ್ತಿದ್ದಾನೆ ಎಂದು ಬರೆದಿದ್ದೀರಿ. ಓದಿದ ಕೂಡಲೇ ನಮ್ಮ ಪಂಪ್ ರೂಮ್ ಕಣ್ಣ ಮುಂದೆ ಬಂತು. ನನಗೂ ಇದೇ ಮಾತು ಹೇಳಿದ್ದರು. ಅದನ್ನು ನಂಬಿ ಇಡೀ ಹೀಟ್ ಎಕ್ಸ್‌ಚೇಂಜರ್, ಅಂದರೆ ಉರಿಯ ಬಿಸಿಯನ್ನು ನೀರಿಗೆ ದಾಟಿಸುವ ತಾಮ್ರದ ಟ್ಯೂಬ್‌ಗಳ ಭಾಗ, ಹೋಯಿತು.

ನಮ್ಮದು ಚಿತ್ರದುರ್ಗದ ಹೊರಗೆ, ಹೈವೇ ಪಕ್ಕ. ನಮ್ಮ ಭಾವನ ರೆಸಾರ್ಟ್. ಪೂಲ್ ಮತ್ತು ಪಂಪ್ ರೂಮ್ ನೋಡಿಕೊಳ್ಳುವುದು ನನ್ನ ಕೆಲಸ. ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ಸರಾಸರಿ ನಾಲ್ಕು ಅಡಿ ಆಳ. ಅಂದರೆ ಸುಮಾರು 60 ಸಾವಿರ ಲೀಟರ್ ನೀರು. ಹೀಟರ್ ಗಂಟೆಗೆ 2 ಲಕ್ಷ ಬಿಟಿಯು, ಹೆಚ್ಚು ಕಡಿಮೆ 58 ಕಿಲೋವ್ಯಾಟ್. ಎಲ್‌ಪಿಜಿ ಸಿಲಿಂಡರ್ ಸಾಲಾಗಿ ಜೋಡಿಸಿ ಓಡಿಸುತ್ತೇವೆ. ಡಿಸೆಂಬರ್, ಜನವರಿಯಲ್ಲಿ ಬೆಳಗ್ಗೆ ನಮ್ಮ ಕಡೆ ಎಷ್ಟು ಚಳಿ ಇರುತ್ತದೆ ಅಂತ ನಿಮಗೇ ಗೊತ್ತು. ನಿಮ್ಮ ದಾವಣಗೆರೆ ಏನು ದೂರ ಅಲ್ಲವಲ್ಲ.

ಹಾಕಿಸಿದ ಮೊದಲ ವರ್ಷ ಎಲ್ಲ ಚೆನ್ನಾಗಿತ್ತು. ತೊಂದರೆ ಶುರುವಾಗಿದ್ದು ಒಂದು ದೂರಿನಿಂದ. ಪೂಲ್‌ಗೆ ನೀರು ವಾಪಸ್ ಬರುವ ಜಾಗ ಇರುತ್ತದಲ್ಲ, ಗೋಡೆಯಲ್ಲಿ ಆ ಸಣ್ಣ ನಾಜಲ್, ಅಲ್ಲಿ ಬಂದವರೆಲ್ಲ ಕೈ ಇಟ್ಟು ನೋಡುತ್ತಿದ್ದರು. ಬಿಸಿ ಅನಿಸುತ್ತಿರಲಿಲ್ಲ. ಭಾವನೂ ಒಂದು ದಿನ ಕೈ ಇಟ್ಟು ನೋಡಿ, "ಏನಪ್ಪಾ, ಗ್ಯಾಸ್ ಇಷ್ಟು ಕುಡೀತೈತೆ, ನೀರು ಉಗುರು ಬೆಚ್ಚಗೂ ಬರ್ತಿಲ್ವಲ್ಲ" ಅಂದರು. ನಾನು ಪಂಪ್ ರೂಮ್‌ಗೆ ಹೋಗಿ ಬೈಪಾಸ್ ವಾಲ್ವ್ ಅರ್ಧ ತೆಗೆದೆ. ಹೀಟರ್ ಒಳಗೆ ಹೋಗುವ ನೀರು ಕಡಿಮೆಯಾಯಿತು, ಉಳಿದಿದ್ದು ಪಕ್ಕದಿಂದ ಹಾದು ಹೋಯಿತು. ಹೀಟರ್‌ನಿಂದ ಹೊರಗೆ ಬರುವ ಪೈಪ್ ಮುಟ್ಟಿದರೆ ಈಗ ಚೆನ್ನಾಗಿ ಬಿಸಿ. ಭಾವನನ್ನು ಕರೆದು ಆ ಪೈಪ್ ಮುಟ್ಟಿಸಿದೆ. ಅವರಿಗೂ ಸಮಾಧಾನ, ನನಗೂ ಸಮಾಧಾನ. ವಾಲ್ವ್ ಹಾಗೇ ಉಳಿಯಿತು.

ಇದೊಂದೇ ತಪ್ಪು. ಮುಂದೆ ಆಗಿದ್ದೆಲ್ಲ ಇದರಿಂದಲೇ. ನಿಮ್ಮ ಮೆಕ್ಯಾನಿಕ್ ಇದನ್ನು ಹೇಳುವುದಿಲ್ಲ, ಅದಕ್ಕೇ ನಾನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮನೆಯ ಗೀಸರ್ ನೋಡಿ ಅಭ್ಯಾಸವಾದ ನಮಗೆ ಹೀಟರ್ ಅಂದರೆ ಸುಡುವ ನೀರು ಬರಬೇಕು ಅನಿಸುತ್ತದೆ. ಪೂಲ್ ಹೀಟರ್ ಕೆಲಸವೇ ಬೇರೆ. ಅದು ಜಾಸ್ತಿ ನೀರನ್ನು ಸ್ವಲ್ಪ ಸ್ವಲ್ಪ ಬಿಸಿ ಮಾಡಿ ಕಳಿಸುತ್ತಾ ಇರಬೇಕು. ಲೆಕ್ಕ ಸುಲಭ. ನಮ್ಮ ಹೀಟರ್ ನೀರಿಗೆ ಕೊಡುವುದು ಸುಮಾರು 48 ಕಿಲೋವ್ಯಾಟ್, ಉಳಿದದ್ದು ಹೊಗೆಯ ಜೊತೆ ಹೋಗುತ್ತದೆ. ನಿಮಿಷಕ್ಕೆ 150 ಲೀಟರ್ ಹರಿದರೆ ಒಳಗೆ ಹೋದ ನೀರಿಗಿಂತ ಹೊರಗೆ ಬಂದ ನೀರು ನಾಲ್ಕೂವರೆ ಡಿಗ್ರಿ ಬಿಸಿ ಇರುತ್ತದೆ, ಅಷ್ಟೇ. ಕೈಗೆ ಅದು ಗೊತ್ತೇ ಆಗುವುದಿಲ್ಲ. ಅದೇ 50 ಲೀಟರ್ ಹರಿದರೆ 14 ಡಿಗ್ರಿ ಏರುತ್ತದೆ, ಕೈಗೆ ಹಿತವಾಗಿ ತಾಕುತ್ತದೆ. ಆದರೆ ಪೂಲ್‌ಗೆ ಸೇರುವ ಒಟ್ಟು ಶಾಖ ಎರಡರಲ್ಲೂ ಒಂದೇ. ನಿಜ ಹೇಳಬೇಕೆಂದರೆ ಎರಡನೆಯದರಲ್ಲಿ ಸ್ವಲ್ಪ ಕಡಿಮೆಯೇ. ಪೈಪ್ ಬಿಸಿಯಾದ ಮಾತ್ರಕ್ಕೆ ಪೂಲ್ ಬೇಗ ಕಾಯುವುದಿಲ್ಲ.

ಹೋಗಲಿ, ಬರೀ ಗ್ಯಾಸ್ ದಂಡವಾಗಿದ್ದರೆ ಸಹಿಸಬಹುದಿತ್ತು. ನಿಜವಾದ ಹಾಳು ತಾಮ್ರದ ಟ್ಯೂಬ್‌ಗಳ ಒಳಗೆ ನಡೆಯುತ್ತದೆ. ಹೊರಗೆ ಉರಿ, ಒಳಗೆ ನೀರು. ನೀರು ಜೋರಾಗಿ ಹರಿದರೆ ಟ್ಯೂಬ್ ಗೋಡೆಯ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ನಿಧಾನವಾದರೆ ಗೋಡೆಗೆ ಅಂಟಿದ ತೆಳು ಪದರದ ನೀರು ಮಾತ್ರ ಕುದಿಯುವ ಹತ್ತಿರಕ್ಕೆ ಹೋಗುತ್ತದೆ. ಹೊರಗೆ ಬರುವ ನೀರು 38 ಡಿಗ್ರಿ ಇರಬಹುದು, ಗೋಡೆ ಹತ್ತಿರದ್ದು ಅದರ ಎರಡರಷ್ಟು ಇರಬಹುದು. ಇನ್ನು ಗಡಸು ನೀರಿನ ಗುಣ ಏನು ಅಂದರೆ, ಅದರಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ಸಕ್ಕರೆ, ಉಪ್ಪಿನ ಹಾಗೆ ಬಿಸಿ ನೀರಲ್ಲಿ ಜಾಸ್ತಿ ಕರಗುವುದಿಲ್ಲ. ತಿರುಗು ಮುರುಗು. ನೀರು ಬಿಸಿಯಾದಷ್ಟೂ ಅದು ಕರಗದೆ ಹೊರಗೆ ಬೀಳುತ್ತದೆ. ಎಲ್ಲಿ ಬೀಳುತ್ತದೆ? ಎಲ್ಲಿ ಬಿಸಿ ಹೆಚ್ಚೋ ಅಲ್ಲೇ, ಅಂದರೆ ಟ್ಯೂಬ್ ಗೋಡೆ ಮೇಲೆ. ಬಕೆಟ್‌ಗೆ ಇಳಿಬಿಡುವ ವಾಟರ್ ಹೀಟರ್ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ.

ಹೀಗೆ ಕಟ್ಟಿದ ಪದರ ತಾಮ್ರಕ್ಕಿಂತ ನೂರಾರು ಪಟ್ಟು ಕಡಿಮೆ ಶಾಖ ಬಿಡುತ್ತದೆ. ಒಮ್ಮೆ ಕಟ್ಟಲು ಶುರುವಾದರೆ ದಾರಿ ಕಿರಿದಾಗುತ್ತದೆ, ನೀರು ಇನ್ನೂ ನಿಧಾನ, ಇನ್ನೂ ಜಾಸ್ತಿ ಕಟ್ಟುತ್ತದೆ. ಉರಿಯ ಶಾಖಕ್ಕೆ ಇರುವುದು ಎರಡೇ ದಾರಿ. ನೀರಿಗೆ ಹೋಗಬೇಕು, ಇಲ್ಲ ಹೊಗೆಯ ಜೊತೆ ಮೇಲೆ ಹೋಗಬೇಕು. ನೀರಿನ ದಾರಿ ಮುಚ್ಚಿದರೆ ಎಕ್ಸಾಸ್ಟ್ ಕಾಯಲೇಬೇಕು. ನಮ್ಮ ಹೀಟರ್‌ನಲ್ಲಿ ಎಕ್ಸಾಸ್ಟ್ 480 ಫ್ಯಾರನ್‌ಹೀಟ್ ಮುಟ್ಟಿದರೆ, ಅಂದರೆ ಸುಮಾರು 249 ಡಿಗ್ರಿ ಸೆಲ್ಸಿಯಸ್‌ಗೆ, ಹೀಟರ್‌ನ ಕಂಟ್ರೋಲ್ ಬೋರ್ಡ್ ಬರ್ನರ್ ಆಫ್ ಮಾಡುತ್ತದೆ. ನಿಮ್ಮದರಲ್ಲಿ ಅಂಕಿ ಬೇರೆ ಇರಬಹುದು, ಮ್ಯಾನ್ಯುಯಲ್‌ನಲ್ಲಿ ನೋಡಿ. ಆ ಸೆನ್ಸರ್ ಸುಳ್ಳು ಹೇಳುತ್ತಿಲ್ಲ. ನಿಜ ಹೇಳುತ್ತಿದೆ ಅಂತಲೇ ನಾನು ನಿಮಗೆ ಇಷ್ಟು ಒತ್ತಿ ಹೇಳುತ್ತಿರುವುದು.

ನಮಗೆ ಸೂಚನೆ ಮೊದಲೇ ಸಿಕ್ಕಿತ್ತು. ಹೀಟರ್ ಒಳಗಿನಿಂದ ಟಕ್ ಟಕ್ ಅಂತ ಸದ್ದು, ಆಮೇಲೆ ಅದು ಗುಂಯ್ ಅನ್ನುವ ಹಾಗಾಯಿತು. ಸಿಲಿಂಡರ್ ಮೊದಲಿಗಿಂತ ಬೇಗ ಖಾಲಿಯಾಗುತ್ತಿತ್ತು. ಎರಡನೇ ಚಳಿಗಾಲಕ್ಕೆ ಫಾಲ್ಟ್ ಬಂತು. ಬಂದ ಮೆಕ್ಯಾನಿಕ್ ಡಬ್ಬಿ ತೆಗೆದು ಐದು ನಿಮಿಷದಲ್ಲಿ, "ಯಜಮಾನ್ರೇ, ಸೆನ್ಸರ್ ಹೋಗೈತೆ" ಅಂದ. ಹಾಕಿಸಿದೆವು. ಮತ್ತೆ ಅದೇ. ಲೋಕಲ್ ಸೆನ್ಸರ್ ಅಂತ ಒರಿಜಿನಲ್ ತರಿಸಿದೆವು. ಮತ್ತೆ ಅದೇ. ಆಗ ಮದುವೆ ಸೀಸನ್, ರೂಮ್ ಎಲ್ಲ ಬುಕ್ ಆಗಿತ್ತು. ಅವನು ಸೆನ್ಸರ್ ವೈರ್ ಬಿಚ್ಚಿ ಅಲ್ಲಿಗೆ ಒಂದು ರೆಸಿಸ್ಟರ್ ಸಿಕ್ಕಿಸಿದ. ಬೋರ್ಡ್‌ಗೆ ಯಾವಾಗಲೂ ಎಕ್ಸಾಸ್ಟ್ ತಣ್ಣಗಿದೆ ಅಂತಲೇ ಕಾಣಬೇಕು, ಅದಕ್ಕೆ. ನಾನು ಬೇಡ ಅನ್ನಲಿಲ್ಲ.

ಹೀಟರ್ ಓಡಿತು. ಆದರೆ ಮಾರನೇ ದಿನ ಸಂಜೆ ಹೊಗೆ ಕೊಳವೆಯ ಬುಡದಲ್ಲಿ ಸ್ಟೀಲ್ ನೀಲಿ ಕಂದು ಬಣ್ಣಕ್ಕೆ ತಿರುಗಿತ್ತು, ಬಣ್ಣ ಸುಟ್ಟ ವಾಸನೆ. ನೀರು ಹೊರಗೆ ಬರುವ ಕಡೆಯ ಪ್ಲಾಸ್ಟಿಕ್ ಯೂನಿಯನ್ ಮೆತ್ತಗಾಗಿ ಹನಿ ಇಡುತ್ತಿತ್ತು. ಆಫ್ ಮಾಡಿಸಿದೆ. ಅಷ್ಟರಲ್ಲಿ ಒಳಗೆ ಟ್ಯೂಬ್ ಬಿರುಕು ಬಿಟ್ಟಿತ್ತು, ಬರ್ನರ್ ಮೇಲೆ ನೀರು ಸೋರುತ್ತಿತ್ತು.

ಕೊನೆಗೆ ಸರಿಯಾದ ಕಾಯಿಲೆ ಹೇಳಿದ್ದು ಪೂಲ್ ಮೆಕ್ಯಾನಿಕ್ ಅಲ್ಲ, ನಿಮ್ಮ ದಾವಣಗೆರೆಯ ಒಂದು ರೈಸ್ ಮಿಲ್‌ನಲ್ಲಿ ಬಾಯ್ಲರ್ ನೋಡಿಕೊಳ್ಳುವ ಹಿರಿಯರು. ನಮ್ಮ ಸಂಬಂಧಿಕರೊಬ್ಬರು ಕರೆದುಕೊಂಡು ಬಂದರು. ಕುಸುಬಲಕ್ಕಿ ಮಿಲ್‌ಗಳಲ್ಲಿ ಭತ್ತ ಬೇಯಿಸುವ ಬಾಯ್ಲರ್ ಇರುತ್ತದಲ್ಲ, ಅಂಥವರಿಗೆ ಹೊಗೆಯ ಬಿಸಿ ನೋಡುವುದು ದಿನದ ಕೆಲಸ. ಹೊಗೆ 22 ಡಿಗ್ರಿ ಹೆಚ್ಚು ಕಾದರೆ ಉರುವಲಲ್ಲಿ ಒಂದು ಪರ್ಸೆಂಟ್ ಹೋಯಿತು ಅಂತ ಅವರ ಲೆಕ್ಕ. ನಾನು ಸೆನ್ಸರ್ ಕಥೆ ಎಲ್ಲ ಹೇಳಿದೆ. ಅವರು ಕೇಳಿ, "ತಮ್ಮಾ, ಹೊಗೆ ಬಿಸಿಯಾದ್ರೆ ಹೊಗೆಗ್ಯಾಕೆ ಬೈತೀಯ? ನೀರು ಯಾಕೆ ಬಿಸಿ ತಗೊಳ್ತಿಲ್ಲ ಅಂತ ನೋಡು" ಅಂದರು.

ಟ್ಯೂಬ್‌ಗಳ ತುದಿಗೆ ಕೂರಿಸಿದ ಮುಚ್ಚಳ, ಹೆಡರ್ ಅನ್ನುತ್ತಾರೆ, ಅದರ ಬೋಲ್ಟ್ ಬಿಚ್ಚಿಸಿದರು. ಹೆಬ್ಬೆರಳು ತೂರಬೇಕಾದ ಟ್ಯೂಬ್‌ಗಳಲ್ಲಿ ಕಿರುಬೆರಳು ಹೋಗುತ್ತಿರಲಿಲ್ಲ. ಸ್ಕ್ರೂ ಡ್ರೈವರ್ ತುದಿಯಿಂದ ಒಂದು ಚೂರು ಕೆತ್ತಿ ಅಂಗೈಯಲ್ಲಿ ಇಟ್ಟುಕೊಂಡರು. ಬಿಳಿ, ಅಲ್ಲಲ್ಲಿ ಹಳದಿ, ಮುರಿದರೆ ಪದರ ಪದರ. ತಾಮ್ರಕ್ಕೆ ಅಂಟಿದ್ದ ಬದಿ ಮಾತ್ರ ಹಸಿರು. ಅಡುಗೆ ಮನೆಯಿಂದ ನಿಂಬೆಹಣ್ಣು ತರಿಸಿ ಅದರ ಮೇಲೆ ಹಿಂಡಿದರು. ಸಣ್ಣಗೆ ಸುಯ್ ಅಂತ ನೊರೆ ಎದ್ದಿತು. ಸುಣ್ಣದ ಜಾತಿ ಅನ್ನಲು ಬೇರೆ ಪರೀಕ್ಷೆ ಬೇಕಾಗಲಿಲ್ಲ. ಆ ಎಕ್ಸ್‌ಚೇಂಜರ್ ರಿಪೇರಿಗೆ ಸಿಗಲಿಲ್ಲ. ಹೊಸದಕ್ಕೆ ಕೊಟ್ಟ ದುಡ್ಡು ಹೊಸ ಹೀಟರ್ ಬೆಲೆಯ ಅರ್ಧಕ್ಕಿಂತ ಜಾಸ್ತಿ.

ಈಗ ನಿಮ್ಮ ವಿಷಯ. ಸೆನ್ಸರ್ ಕೆಟ್ಟಿರಲು ಸಾಧ್ಯವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಕಂಡುಹಿಡಿಯುವುದು ಸುಲಭ. ರಾತ್ರಿಯೆಲ್ಲ ಆಫ್ ಇದ್ದ ಹೀಟರ್ ಬೆಳಗ್ಗೆ ಆನ್ ಮಾಡಿದ ಕೂಡಲೇ, ಬರ್ನರ್ ಹತ್ತುವ ಮುಂಚೆಯೇ ಫಾಲ್ಟ್ ತೋರಿಸಿದರೆ ಸೆನ್ಸರ್ ಅಥವಾ ಅದರ ವೈರ್ ಮೇಲೆ ಅನುಮಾನ ಪಡಿ. ಇಲಿ ಕಡಿದಿರಬಹುದು, ಕನೆಕ್ಟರ್ ಸುಟ್ಟಿರಬಹುದು. ಕೆಲವು ಹೀಟರ್‌ಗಳಲ್ಲಿ ಎಕ್ಸಾಸ್ಟ್ ಡಿಗ್ರಿಯನ್ನು ಡಿಸ್‌ಪ್ಲೇಯಲ್ಲೇ ನೋಡಬಹುದು. ತಣ್ಣಗಿರುವಾಗ ಅದು ಪಂಪ್ ರೂಮಿನ ಬಿಸಿಗೆ ಹತ್ತಿರ ಇದ್ದು, ಉರಿ ಹತ್ತಿದ ಮೇಲೆ ನಿಧಾನವಾಗಿ ಏರಿ ಏರಿ ಟ್ರಿಪ್ ಆದರೆ ಸೆನ್ಸರ್ ಸರಿಯಿದೆ. ನಿಮ್ಮದು ಹದಿನೈದು ನಿಮಿಷ ಉರಿದು ಆಫ್ ಆಗುತ್ತಿದೆ. ಇದು ನಿಜವಾದ ಬಿಸಿ ಅಂತ ನನ್ನ ಗಟ್ಟಿ ಅಭಿಪ್ರಾಯ.

ಡೈರೆಕ್ಟ್ ಮಾಡುವ ಬಗ್ಗೆ ಇನ್ನೊಂದು ಮಾತು. ನಿಮ್ಮದು ಮಕ್ಕಳಿಗೆ ಈಜು ಕಲಿಸುವ ಪೂಲ್ ಅಂತ ಬರೆದಿದ್ದೀರಿ. ಉರಿ ಸರಿಯಿಲ್ಲದ ಹೀಟರ್ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಬಾತ್‌ರೂಮ್‌ನ ಗ್ಯಾಸ್ ಗೀಸರ್‌ನಿಂದ ಜನ ಸತ್ತ ಸುದ್ದಿ ನಾವೆಲ್ಲ ಪೇಪರ್‌ನಲ್ಲಿ ಓದಿದ್ದೇವೆ, ಅಲ್ವಾ? ಅದೇ ಗಾಳಿ. ಪಂಪ್ ರೂಮ್‌ಗೆ ಗಾಳಿ ಒಳಗೆ ಬರಲು, ಹೊರಗೆ ಹೋಗಲು ದಾರಿ ಇದೆಯಾ, ಹೊಗೆ ಕೊಳವೆಯಲ್ಲಿ ಹಕ್ಕಿ ಗೂಡು ಕಟ್ಟಿದೆಯಾ, ಇವತ್ತೇ ನೋಡಿ. ಎಕ್ಸಾಸ್ಟ್ ಬಾಯಿಯಲ್ಲಿ ಕಪ್ಪು ಮಸಿ ಇದ್ದರೆ ಹೀಟರ್ ಹಚ್ಚಲೇಬೇಡಿ. ಪೈಪ್ ಗ್ಯಾಸ್‌ಗೆ ಮಾಡಿದ ಹೀಟರ್‌ಗೆ ಜೆಟ್ ಬದಲಿಸದೆ ಎಲ್‌ಪಿಜಿ ಕೊಟ್ಟಿದ್ದರೂ ಹೀಗೆ ಆಗುತ್ತದೆ. ಎಲ್‌ಪಿಜಿಗೆ ಜೆಟ್ ತೂತು ಸಣ್ಣದು ಇರಬೇಕು. ದೊಡ್ಡದಿದ್ದರೆ ಬೇಕಾದ್ದಕ್ಕಿಂತ ಜಾಸ್ತಿ ಗ್ಯಾಸ್ ಹೋಗಿ ಉರಿ ಮಿತಿ ಮೀರುತ್ತದೆ, ಮಸಿ ಕಟ್ಟುತ್ತದೆ, ಎಕ್ಸಾಸ್ಟ್ ಕಾಯುತ್ತದೆ. ಹೊಸದಾಗಿ ಕೂರಿಸಿದ ಹೀಟರ್ ಆಗಿದ್ದರೆ ಇದನ್ನೇ ಮೊದಲು ಕೇಳಿ. ಜೆಟ್, ಗ್ಯಾಸ್ ಪ್ರೆಶರ್ ಮಾತ್ರ ಗ್ಯಾಸ್ ಕೆಲಸ ಗೊತ್ತಿರುವವರೇ ಮುಟ್ಟಬೇಕು.

ಇನ್ನು ನೀವೇ ಮಾಡಬಹುದಾದ್ದು. ಸ್ಯಾಂಡ್ ಫಿಲ್ಟರ್‌ನ ಗೇಜ್ ನೋಡಿ. ಬ್ಯಾಕ್‌ವಾಶ್ ಮಾಡಿದ ದಿನ, ಅಂದರೆ ನೀರು ಹಿಮ್ಮುಖ ಹರಿಸಿ ಫಿಲ್ಟರ್ ತೊಳೆದ ದಿನ, ಎಷ್ಟಿತ್ತೋ ಅದಕ್ಕಿಂತ 8, 10 ಪಿಎಸ್‌ಐ ಏರಿದ್ದರೆ ಫಿಲ್ಟರ್ ಕಟ್ಟಿಕೊಂಡಿದೆ, ನೀರು ಕಡಿಮೆ ಹರಿಯುತ್ತಿದೆ. ಬ್ಯಾಕ್‌ವಾಶ್ ಮಾಡಿ. ಪಂಪ್ ಬಾಸ್ಕೆಟ್‌ನಲ್ಲಿ ಎಲೆ ಕಸ ತೆಗೆಯಿರಿ. ಬೈಪಾಸ್ ವಾಲ್ವ್ ಇದ್ದರೆ ಅದರ ಹಿಡಿಕೆ ಯಾವ ಕಡೆ ಇದೆ ಅಂತ ನೋಡಿ, ಪಂಪ್ ತೀರಾ ದೊಡ್ಡದಲ್ಲದಿದ್ದರೆ ಪೂರ್ತಿ ಮುಚ್ಚಿ. ಆಮೇಲೆ ಎರಡು ಥರ್ಮಾಮೀಟರ್ ಹಿಡಿದು ಹೀಟರ್‌ಗೆ ಹೋಗುವ ನೀರು, ಬರುವ ನೀರು, ಎರಡನ್ನೂ ಅಳೆಯಿರಿ. ಸುಮ್ನೆ ಕೈ ಇಟ್ಟು ನೋಡಬೇಡಿ. ವ್ಯತ್ಯಾಸ ತೀರಾ ಜಾಸ್ತಿ ಇದ್ದರೆ ನೀರಿನ ಹರಿವು ಸಾಲದು. ಹರಿವು ಚೆನ್ನಾಗಿದ್ದೂ ವ್ಯತ್ಯಾಸ ಲೆಕ್ಕಕ್ಕಿಂತ ಕಡಿಮೆ ಬಂದು, ಎಕ್ಸಾಸ್ಟ್ ಮಾತ್ರ ಕಾಯುತ್ತಿದ್ದರೆ ಶಾಖ ನೀರಿಗೆ ಹೋಗುತ್ತಿಲ್ಲ. ಅಂದರೆ ಒಳಗೆ ಆ ಸುಣ್ಣದ ಉಪ್ಪು ಕಟ್ಟಿದೆ, ಇಲ್ಲ ಹೊರಗೆ ಮಸಿ ಹಿಡಿದಿದೆ. ಕೆಲವು ಹೀಟರ್ ಒಳಗೆ ತನ್ನದೇ ಒಂದು ಬೈಪಾಸ್, ನೀರಿನ ಬಿಸಿಗೆ ತಕ್ಕಂತೆ ಹರಿವು ತಿದ್ದುವ ಥರ್ಮಲ್ ಗವರ್ನರ್ ಇರುತ್ತವೆ. ಅವು ಹಿಡಿದುಕೊಂಡಿದ್ದರೂ ಟ್ಯೂಬ್‌ಗೆ ನೀರು ಸಾಲುವುದಿಲ್ಲ. ಹೆಡರ್ ಬಿಚ್ಚಿದಾಗ ಅವನ್ನೂ ನೋಡಿಸಿ.

ಉಪ್ಪು ಕಟ್ಟಿದ್ದರೆ ಬೇಗ ತೆಗೆಸಿ, ಈ ಹಂತದಲ್ಲಿ ಉಳಿಯುತ್ತದೆ. ಸಲ್ಫಾಮಿಕ್ ಆಸಿಡ್ ಅಥವಾ ಸಿಟ್ರಿಕ್ ಆಸಿಡ್ ಕರಗಿಸಿ ಸಣ್ಣ ಪಂಪ್‌ನಿಂದ ಎಕ್ಸ್‌ಚೇಂಜರ್ ಒಳಗೆ ಮಾತ್ರ ತಿರುಗಿಸುತ್ತಾರೆ, ಗಟ್ಟಿ ಇದ್ದರೆ ಹೆಡರ್ ಬಿಚ್ಚಿ ಬ್ರಷ್ ಹಾಕುತ್ತಾರೆ. ಬಾತ್‌ರೂಮ್ ತೊಳೆಯುವ ಆಸಿಡ್ ಸುರಿಯಲು ಯಾರಿಗೂ ಬಿಡಬೇಡಿ.

ತೆಗೆಸಿದರೆ ಮುಗಿಯಲಿಲ್ಲ, ನೀರು ಅದೇ ಇದ್ದರೆ ಮತ್ತೆ ಕಟ್ಟುತ್ತದೆ. ನಿಮ್ಮದು ಬೋರ್ ನೀರಾ, ಪಾಲಿಕೆ ನೀರಾ ಅಂತ ಬರೆದಿಲ್ಲ. ಕುಂದವಾಡ ಕೆರೆಯಿಂದ ಬರುವ ನೀರಿಗೂ ಬೋರ್ ನೀರಿಗೂ ತುಂಬಾ ವ್ಯತ್ಯಾಸ. ಕುಡಿಯುವ ನೀರಿಗೇ ಗಡಸುತನ ಲೀಟರ್‌ಗೆ 200 ಮಿಲಿಗ್ರಾಂ ಇದ್ದರೆ ಚೆನ್ನ, ಬೇರೆ ದಾರಿ ಇಲ್ಲದಿದ್ದರೆ 600ರವರೆಗೆ ಅಂತ ನಮ್ಮ ದೇಶದ ಮಾನದಂಡ. ನಮ್ಮ ಕಡೆಯ ಬೋರ್‌ಗಳಲ್ಲಿ ಅದನ್ನು ಮೀರುವವೂ ಇವೆ. ಪೂಲ್‌ನಲ್ಲಿ ಕ್ಯಾಲ್ಸಿಯಂ ಗಡಸುತನ 200ರಿಂದ 400, ಪಿಎಚ್ 7.2ರಿಂದ 7.8 ಒಳಗೆ ಇರಲಿ. ತೀರಾ ಕಡಿಮೆಯಾದರೂ ತಪ್ಪು, ಹುಳಿ ನೀರು ತಾಮ್ರವನ್ನೇ ತಿನ್ನುತ್ತದೆ. ಬ್ಲೀಚಿಂಗ್ ಪೌಡರ್ ಹಾಕುತ್ತೀರಾದರೆ ಅದರಲ್ಲೂ ಕ್ಯಾಲ್ಸಿಯಂ ಇದೆ, ಪಿಎಚ್ಚನ್ನೂ ಏರಿಸುತ್ತದೆ, ಲೆಕ್ಕಕ್ಕೆ ತಗೊಳ್ಳಿ. ಕ್ಲೋರಿನ್ ಮಾತ್ರೆ ಹಾಕುವವರು ಸ್ಕಿಮ್ಮರ್‌ನಲ್ಲಿ, ಅಂದರೆ ಮೇಲೆ ತೇಲುವ ಕಸ ಎಳೆದುಕೊಳ್ಳುವ ಬಾಯಿಯಲ್ಲಿ, ಹಾಕಬೇಡಿ, ಆ ಹುಳಿ ನೀರು ನೇರ ಹೀಟರ್‌ಗೆ ಹೋಗುತ್ತದೆ. ಈ ಎರಡನ್ನು ಒಂದೇ ಡಬ್ಬಿಯಲ್ಲಿ ಎಂದೂ ಬೆರೆಸಬೇಡಿ, ಸಿಡಿಯುತ್ತದೆ.

ಇಷ್ಟೆಲ್ಲ ಆದ ಮೇಲೆ ನನಗೆ ಅನಿಸುವುದು, ಸೆನ್ಸರ್‌ಗೆ ಇಟ್ಟ ದುಡ್ಡನ್ನು ನೀವು ಪೂಲ್ ಕವರ್‌ಗೆ ಹಾಕಬೇಕು. ನಮ್ಮ ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ, ಅಷ್ಟು ಗಾಳಿ, ಅಷ್ಟು ಒಣ ಹವೆ. ನಿಮ್ಮಲ್ಲೂ ಚಳಿಗಾಲದಲ್ಲಿ ಒಣಗಾಳಿಯೇ. ಬಿಸಿ ಮಾಡಿದ ಪೂಲ್ ತೆರೆದಿಟ್ಟರೆ ನೀರು ಆವಿಯಾಗಿ ಹೋಗುತ್ತದೆ, ಬಿಸಿ ಹೋಗುವ ದೊಡ್ಡ ದಾರಿಯೇ ಅದು. ನಮ್ಮಷ್ಟು ಅಗಲದ ಪೂಲ್‌ನಲ್ಲಿ ದಿನಕ್ಕೆ ಐದು ಮಿಲಿಮೀಟರ್ ನೀರು ಇಳಿಯಿತು ಅಂತ ಇಟ್ಟುಕೊಳ್ಳಿ, ಅದು 250 ಲೀಟರ್. ಅಷ್ಟು ನೀರು ಆವಿಯಾಗುವಾಗ ಎಳೆದುಕೊಂಡು ಹೋಗುವ ಶಾಖ ಸುಮಾರು 170 ಯೂನಿಟ್, ಅದನ್ನು ಹೀಟರ್‌ನಿಂದ ತುಂಬಿಸಲು 16 ಕೆಜಿ ಗ್ಯಾಸ್ ಬೇಕು. 19 ಕೆಜಿ ಸಿಲಿಂಡರ್ ಹತ್ತಿರ ಹತ್ತಿರ ಮುಗಿಯಿತು. ಗ್ಯಾಸ್ ಲೆಕ್ಕ ಮಾತ್ರ ಅಲ್ಲ. ಆವಿಯಾಗುವುದು ಬರೀ ನೀರು, ಉಪ್ಪು ಪೂಲ್‌ನಲ್ಲೇ ಉಳಿಯುತ್ತದೆ. ಕಡಿಮೆಯಾದ 250 ಲೀಟರ್‌ಗೆ ನೀವು 600 ಗಡಸಿನ ಬೋರ್ ನೀರು ಬಿಟ್ಟರೆ ದಿನಕ್ಕೆ 150 ಗ್ರಾಂ, ತಿಂಗಳಿಗೆ ನಾಲ್ಕೂವರೆ ಕೆಜಿ ಸುಣ್ಣದ ಸರಕು ಪೂಲ್ ಸೇರುತ್ತದೆ. ಅದಕ್ಕೆ ಕೂರಲು ಜಾಗ ಬೇಕಲ್ಲ, ಹೀಟರ್ ಟ್ಯೂಬ್ ಹುಡುಕಿಕೊಳ್ಳುತ್ತದೆ.

ನಾವು ಈಗ ರಾತ್ರಿ ಕವರ್ ಎಳೆಯುತ್ತೇವೆ. ಹಾಲ್‌ನ ಚಾವಣಿಯ ಮಳೆ ನೀರನ್ನು ಸಂಪ್‌ಗೆ ತುಂಬಿಸಿ, ಪೂಲ್‌ಗೆ ಮೊದಲು ಅದನ್ನೇ ಬಿಡುತ್ತೇವೆ, ಮುಗಿದ ಮೇಲೆ ಬೋರ್. ಬೈಪಾಸ್ ಹಿಡಿಕೆ ತೆಗೆದು ಆಫೀಸ್ ಡ್ರಾಯರ್‌ನಲ್ಲಿ ಇಟ್ಟಿದ್ದೇನೆ. ನಾಜಲ್ ಹತ್ತಿರ ಕೈ ಇಟ್ಟು ಬಿಸಿ ಇಲ್ಲ ಅನ್ನುವವರಿಗೆ ಪೂಲ್ ನಡುವಿನ ಥರ್ಮಾಮೀಟರ್ ತೋರಿಸುತ್ತೇವೆ.

ಫಿಲ್ಟರ್ ಗೇಜ್ ಎಷ್ಟಿದೆ, ಹೋಗುವ ನೀರು ಬರುವ ನೀರು ಎಷ್ಟು ಡಿಗ್ರಿ, ನೀರಿನ ಗಡಸುತನ ಎಷ್ಟು, ಇಷ್ಟನ್ನು ಅಳೆದು ಇಲ್ಲಿ ಬರೆಯಿರಿ, ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಅಳೆಯುವ ಹೊತ್ತು ಬಿಟ್ಟು ಹೀಟರ್ ಆಫ್ ಇರಲಿ, ಸಿಲಿಂಡರ್ ವಾಲ್ವೂ ಮುಚ್ಚಿರಲಿ. ಮಕ್ಕಳ ಕ್ಲಾಸ್ ನಿಲ್ಲಿಸಬೇಕಾಗಿಲ್ಲ, ಬೆಳಗಿನ ಬ್ಯಾಚನ್ನು ಬಿಸಿಲು ಏರಿದ ಮೇಲೆ ಹಾಕಿಕೊಳ್ಳಿ.